ವಂಡರ್‌ಲಾ ಹತ್ತಿರ ರೂಮು ಹುಡುಕುತ್ತಿದ್ದೀರಾ? ಸಂಜೆ ಏಳು ಗಂಟೆಯ ಬಗ್ಗೆ ಮೊದಲು ಕೇಳಿ

ನಾನು ಬೆಂಗಳೂರು–ಮೈಸೂರು ರಸ್ತೆಯ ಬಿಡದಿ ಕಡೆಯ ಒಂದು ಸಾಧಾರಣ ಹೋಟೆಲ್‌ನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ವಾರದ ದಿನಗಳಲ್ಲಿ ನಮ್ಮಲ್ಲಿ ಉಳಿಯುವವರು ಹೆಚ್ಚಾಗಿ ಇಂಡಸ್ಟ್ರಿಯಲ್ ಏರಿಯಾದ ಕಂಪನಿ ಕೆಲಸಕ್ಕೆ ಬಂದವರು. ಶನಿವಾರ, ಭಾನುವಾರ, ದಸರಾ ರಜೆ, ಬೇಸಿಗೆ ರಜೆ ಬಂತು ಅಂದರೆ ಮಕ್ಕಳನ್ನು ಕರೆದುಕೊಂಡು ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಬರುವ ಕುಟುಂಬಗಳು. ಇದನ್ನು ಬರೆಯುತ್ತಿರುವುದು ಆ ಕುಟುಂಬಗಳಿಗೆ.

ಫೋನ್ ಮಾಡಿದವರು ಮೊದಲು ಕೇಳುವುದು "ಸರ್, ವಂಡರ್‌ಲಾ ಎಷ್ಟು ದೂರ?" ಅಂತ. ಆಮೇಲೆ "ರೇಟ್ ಎಷ್ಟು?" ಅಂತ. ಅಷ್ಟಕ್ಕೇ ಮಾತು ಮುಗಿಸಿ ಬುಕ್ ಮಾಡಿಬಿಡುತ್ತಾರೆ. ಕೌಂಟರ್ ಈಚೆ ಕೂತು ನೋಡಿದ ನನಗೆ ಅನ್ನಿಸುವುದು ಇಷ್ಟು: ಪಾರ್ಕ್‌ಗೆ ಬರುವ ಕುಟುಂಬಕ್ಕೆ ರೂಮು ಬೇಕಾಗುವುದು ಸಂಜೆ ಏಳರಿಂದ ಮರುದಿನ ಬೆಳಗ್ಗೆ ಒಂಬತ್ತರವರೆಗೆ. ಆ ಹೊತ್ತಿನಲ್ಲಿ ಹೋಟೆಲ್ ಹೇಗಿರುತ್ತದೆ ಅನ್ನುವುದೇ ಮುಖ್ಯ. ಫೋಟೋದಲ್ಲಿ ಕಾಣುವ ಹಾಸಿಗೆ, ಗೋಡೆ ಬಣ್ಣ, ಲಾಬಿಯ ಸೋಫಾ ಇದನ್ನೆಲ್ಲ ನೋಡಿ ಏನೂ ಗೊತ್ತಾಗುವುದಿಲ್ಲ.

ಮೊದಲು ಗಂಟೆಯ ಲೆಕ್ಕ ನೋಡಿ. ಪಾರ್ಕ್ ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ ತೆರೆದು ಸಂಜೆ 6ಕ್ಕೆ, ರಜೆ ದಿನವಾದರೆ 7ರ ಹೊತ್ತಿಗೆ ಮುಚ್ಚುತ್ತದೆ. ಹೊಸ ಹೋಟೆಲ್‌ಗಳಲ್ಲಿ ಚೆಕ್ ಇನ್ ಮಧ್ಯಾಹ್ನ 12 ಅಥವಾ 1 ಗಂಟೆಗೆ, ಚೆಕ್ ಔಟ್ ಮರುದಿನ 11ಕ್ಕೆ. ಅಂದರೆ ನೀವು ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ರಾತ್ರಿ ಪ್ರಯಾಣ ಮಾಡಿ ಬೆಳಗ್ಗೆ ಏಳಕ್ಕೆ ಬಂದು ನಿಂತಾಗ ನಿಮ್ಮ ರೂಮು ನಿಮಗೆ ಸಿಗುವುದಿಲ್ಲ. ಮುಖ ತೊಳೆಯಬೇಕು, ಮಕ್ಕಳಿಗೆ ಹಲ್ಲುಜ್ಜಿಸಬೇಕು, ಬ್ಯಾಗ್ ಇಡಬೇಕು, ರೂಮು ಮಾತ್ರ ಇನ್ನೂ ಹಿಂದಿನ ದಿನದ ಗಿರಾಕಿಯದು. ಆಮೇಲೆ ನಿಮಗೆ ರೂಮು ಸಿಗುವ ಹೊತ್ತಿಗೆ ನೀವು ಪಾರ್ಕ್‌ನಲ್ಲಿರುತ್ತೀರಿ. ಕೊಟ್ಟ ದುಡ್ಡಿಗೆ ಆರು ಗಂಟೆ ಬರೀ ಬೀಗ ಹಾಕಿದ ಬಾಗಿಲು.

ಹಳೇ ಲಾಡ್ಜ್‌ಗಳಲ್ಲಿ ಇನ್ನೂ 24 ಗಂಟೆ ಚೆಕ್ ಔಟ್ ಇದೆ. ಯಾವಾಗ ಬಂದಿರೋ ಅಲ್ಲಿಂದ 24 ಗಂಟೆ. ಈ ಪದ್ಧತಿ ಪಾರ್ಕ್‌ಗೆ ಬರುವವರಿಗೆ ಎಷ್ಟು ಅನುಕೂಲ ಅಂತ ಜನಕ್ಕೆ ಗೊತ್ತೇ ಇಲ್ಲ. ಬೆಳಗ್ಗೆ ಎಂಟಕ್ಕೆ ಬಂದು ಸ್ನಾನ ಮಾಡಿ, ತಿಂಡಿ ತಿಂದು, ಬ್ಯಾಗ್ ರೂಮಿನಲ್ಲೇ ಇಟ್ಟು ಹೋಗಬಹುದು. ಸಂಜೆ ವಾಪಸ್ ಬಂದು ಮಲಗಿ, ಬೆಳಗ್ಗೆ ಎಂಟಕ್ಕೆ ಖಾಲಿ ಮಾಡಿದರೆ ಒಂದೇ ದಿನದ ಬಾಡಿಗೆ. ಮೈಸೂರು ಕಡೆಯಿಂದ ಕಾರಿನಲ್ಲಿ ಬರುವವರು ನೇರ ಪಾರ್ಕ್‌ಗೆ ಹೋಗಿ, ಸಂಜೆ ಏಳಕ್ಕೆ ರೂಮು ಹಿಡಿದರೆ ಮರುದಿನ ಸಂಜೆವರೆಗೂ ಅವರದೇ. ಹಾಗಾಗಿ ಫೋನಿನಲ್ಲಿ ಕೇಳಿ: "24 ಗಂಟೆ ಚೆಕ್ ಔಟಾ, ಇಲ್ಲ ಬೆಳಗ್ಗೆ 11ಕ್ಕೇ ಖಾಲಿ ಮಾಡಬೇಕಾ?" ಆ್ಯಪ್‌ನಲ್ಲಿ ಬುಕ್ ಮಾಡಿದರೆ ಆ ಲಾಡ್ಜ್‌ನಲ್ಲೂ ಆ್ಯಪ್‌ನ ಸಮಯವೇ ಲೆಕ್ಕ, ನೇರ ಬಂದರೆ 24 ಗಂಟೆ ಅನ್ನುವ ಕಡೆಗಳೂ ಇವೆ. ಅದನ್ನೂ ಕೇಳಿಕೊಳ್ಳಿ. 24 ಗಂಟೆ ಇಲ್ಲದಿದ್ದರೆ ಬ್ಯಾಗ್ ಇಡಲು ಜಾಗ, ಮುಖ ತೊಳೆಯಲು ಒಂದು ಬಾತ್‌ರೂಮ್ ಕೊಡುತ್ತಾರಾ ಅಂತ ವಿಚಾರಿಸಿ. ಸೀಸನ್ ಇಲ್ಲದ ದಿನ ಬಹಳಷ್ಟು ಕಡೆ ಸುಮ್ನೆ ಕೊಡುತ್ತಾರೆ.

ಈಗ ಬಿಸಿನೀರಿನ ವಿಷಯ. ನಮ್ಮ ಕೌಂಟರ್‌ನಲ್ಲಿ ಜಗಳ ಆಗುವುದು ಬಾಡಿಗೆಗಲ್ಲ, ಬಿಸಿನೀರಿಗೆ. ವಾಟರ್ ರೈಡ್‌ಗಳಲ್ಲಿ ಮಧ್ಯಾಹ್ನವೆಲ್ಲ ನೆನೆದ ಮಕ್ಕಳು, ತಲೆಕೂದಲಲ್ಲಿ ಕ್ಲೋರಿನ್ ವಾಸನೆ, ತುಟಿ ನಡುಗುತ್ತಿರುತ್ತದೆ. ಒಳಗೆ ಬಂದ ಕೂಡಲೇ ಎಲ್ಲರಿಗೂ ಸ್ನಾನ ಬೇಕು. ಒಂದು ಕುಟುಂಬಕ್ಕಲ್ಲ, ಆ ದಿನ ಇಳಿದಿರುವ ಎಲ್ಲ ಕುಟುಂಬಕ್ಕೂ, ಅದೇ ಏಳೂವರೆಗೆ. ಧಾರವಾಡದ ಕಡೆಯ ತಾಯಿಯೊಬ್ಬರು ಕೌಂಟರ್‌ಗೆ ಬಂದು "ಅಣ್ಣಾರ, ಬಿಸಿನೀರು ಬರ್ತಾವೇನ್ರಿ? ಹುಡುಗ ಥಂಡಿಗೆ ನಡುಗಾಕತ್ತಾನ" ಅಂದಾಗ ಆ ಧ್ವನಿಯಲ್ಲಿದ್ದ ಆತಂಕ ನನಗೆ ಈಗಲೂ ಕೇಳಿಸುತ್ತದೆ.

"24 ಗಂಟೆ ಬಿಸಿನೀರು" ಅಂತ ಬೋರ್ಡ್ ಇದ್ದರೂ ಒಳಗೆ ಏನಿದೆ ಅಂತ ತಿಳಿದುಕೊಳ್ಳಬೇಕು. ಸೋಲಾರ್ ಮಾತ್ರ ಇದ್ದರೆ ಬೆಳಗ್ಗೆ ಆರರಿಂದ ಒಂಬತ್ತು ಅಂತ ಸಮಯ ಇಟ್ಟಿರುತ್ತಾರೆ, ಮೋಡದ ದಿನ ಅದೂ ಉಗುರು ಬೆಚ್ಚಗೆ. ರೂಮಿನಲ್ಲೇ ಗೀಸರ್ ಇದ್ದರೆ ಎಷ್ಟು ಲೀಟರ್‌ದು ಅಂತ ಕೇಳಿ. 15 ಲೀಟರ್ ಗೀಸರ್ ಚೆನ್ನಾಗಿ ಕಾದರೆ, ತಣ್ಣೀರು ಬೆರೆಸಿ, ಸುಮಾರು ಎರಡು ಬಕೆಟ್ ಸ್ನಾನದ ನೀರು ಬರುತ್ತದೆ. ಮತ್ತೆ ಕಾಯಲು ಇಪ್ಪತ್ತು ನಿಮಿಷ. ಇಬ್ಬರು ಮಕ್ಕಳಿಗೆ ಮೊದಲು ಬಕೆಟ್‌ನಲ್ಲಿ ಸ್ನಾನ ಮಾಡಿಸಿ, ಅಷ್ಟರಲ್ಲಿ ಊಟಕ್ಕೆ ಹೇಳಿ, ಆಮೇಲೆ ದೊಡ್ಡವರು ಹೋದರೆ ಎಲ್ಲರಿಗೂ ಆಗುತ್ತದೆ. ಶವರ್ ಕೆಳಗೆ ಮೊದಲ ವ್ಯಕ್ತಿ ನಿಂತುಬಿಟ್ಟರೆ ಎರಡನೆಯವರಿಗೆ ತಣ್ಣೀರೇ ಗತಿ. 3 ಲೀಟರ್ ಇನ್‌ಸ್ಟಂಟ್ ಗೀಸರ್ ಇದ್ದರೆ ನಲ್ಲಿ ಸಣ್ಣಗೆ ಬಿಟ್ಟು ಬಕೆಟ್ ತುಂಬಿಸಬೇಕು, ನಿಧಾನ ಆದರೂ ನಿಲ್ಲದೆ ಬರುತ್ತದೆ. ಇನ್ನೊಂದು ಮುಖ್ಯ ವಿಷಯ, ಕರೆಂಟ್ ಹೋದರೆ ಜನರೇಟರ್ ಇದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಸಾಧಾರಣ ಹೋಟೆಲ್‌ಗಳಲ್ಲಿ ಜನರೇಟರ್‌ನಿಂದ ನಡೆಯುವುದು ಲೈಟು, ಫ್ಯಾನು, ಹೆಚ್ಚೆಂದರೆ ಲಿಫ್ಟು. ಗೀಸರ್ ಮತ್ತು ಎಸಿ ಅದರಲ್ಲಿ ನಡೆಯುವುದಿಲ್ಲ. ಮಳೆಗಾಲದ ಸಂಜೆ ಬರುವವರು ಕರೆಂಟ್ ಇರುವಾಗಲೇ ಗೀಸರ್ ಹಾಕಿಸಿಕೊಳ್ಳಿ. ಪಾರ್ಕ್‌ನಿಂದ ಹೊರಡುವಾಗ ಒಂದು ಫೋನ್ ಮಾಡಿ "ಗೀಸರ್ ಹಾಕಿಡಿ" ಅಂದರೆ ರೂಮ್ ಬಾಯ್ ಹೋಗಿ ಹಾಕುತ್ತಾನೆ. ಇದು ನಾವೇ ಈಗ ಅಭ್ಯಾಸ ಮಾಡಿಕೊಂಡಿರುವ ಕೆಲಸ.

ಒದ್ದೆ ಬಟ್ಟೆಯೂ ಹಾಗೆಯೇ. ವಾಟರ್ ರೈಡ್‌ಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಅದು ಹಿಂಡಿದರೆ ಬೇಗ ಒಣಗುತ್ತದೆ, ಜೊತೆಗೆ ಒದ್ದೆಯಾಗುವ ಟವೆಲ್ ಮತ್ತು ಒಳಉಡುಪು ಒಣಗುವುದಿಲ್ಲ. ಬಾಲ್ಕನಿಯೋ ತಾರಸಿಯಲ್ಲಿ ಹಗ್ಗವೋ ಇದೆಯಾ ಕೇಳಿ. ಇಲ್ಲದಿದ್ದರೆ ಎಲ್ಲರೂ ಮಂಚದ ತಲೆಗೆ, ಟಿವಿ ಮೇಲೆ, ಸ್ವಿಚ್ ಬೋರ್ಡ್ ಪಕ್ಕದ ಮೊಳೆಗೆ ನೇತುಹಾಕುತ್ತಾರೆ. ಸ್ವಿಚ್ ಬೋರ್ಡ್ ಹತ್ತಿರ ಒದ್ದೆ ಬಟ್ಟೆ ಹಾಕುವುದು ಅಪಾಯ, ದಯವಿಟ್ಟು ಬೇಡ. ನಮ್ಮ ಮಾಲೀಕರಿಗೆ ಹೇಳಿ ಪ್ರತಿ ಮಹಡಿಯ ಕೊನೆಯಲ್ಲಿ ನೈಲಾನ್ ಹಗ್ಗ ಕಟ್ಟಿಸಿದೆವು. ಖರ್ಚು ಏನೇನೂ ಇಲ್ಲ, ಜನ ಅದನ್ನೇ ನೆನಪಿಟ್ಟುಕೊಂಡು ಮತ್ತೆ ಬರುತ್ತಾರೆ.

ದೂರದ ಬಗ್ಗೆ ಹೇಳದೆ ಇರಲು ಆಗುವುದಿಲ್ಲ, ಆದರೆ ಕಿಲೋಮೀಟರ್ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಬಂದ ಮೇಲೆ ಬಿಡದಿ ಊರಿಗೆ ಬೈಪಾಸ್ ಆಗಿದೆ, ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ ಬಿಡುವುದಿಲ್ಲ. ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮ್ಯಾಪ್‌ನಲ್ಲಿ ಹೋಟೆಲ್ ಎದುರುಗಡೆಯೇ ಪಾರ್ಕ್ ದಾರಿ ಕಾಣುತ್ತದೆ, ಮಧ್ಯದಲ್ಲಿ ದಾಟಲು ಜಾಗವೇ ಇರುವುದಿಲ್ಲ, ಅಂಡರ್‌ಪಾಸ್ ಹುಡುಕಿಕೊಂಡು ಹೋಗಿ ತಿರುಗಬೇಕು. ಸ್ವಂತ ಕಾರು ಇಲ್ಲದವರು "ಹೋಟೆಲ್ ರಸ್ತೆಯ ಯಾವ ಬದಿಗಿದೆ, ಅಲ್ಲಿಂದ ಆಟೋ ನೇರ ಹೋಗುತ್ತಾ, ಸಂಜೆ ವಾಪಸ್ ಬರಲು ಆಟೋ ಸಿಗುತ್ತಾ" ಅಂತ ಕೇಳಬೇಕು. ಬೆಳಗ್ಗೆ ಹೋಗುವುದು ಸುಲಭ. ಪಾರ್ಕ್ ಮುಚ್ಚಿದಾಗ ಸಾವಿರಾರು ಜನ ಒಟ್ಟಿಗೆ ಹೊರಗೆ ಬರುತ್ತಾರೆ, ಆಗ ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಆಟೋ ಹುಡುಕುವುದು ಕಷ್ಟ. ಬೆಳಗ್ಗೆ ಕರೆದುಕೊಂಡು ಹೋದ ಆಟೋದವರ ನಂಬರ್ ತೆಗೆದುಕೊಂಡು, ಸಂಜೆಗೂ ಅವರಿಗೇ ಹೇಳಿಬಿಡಿ.

ರೈಲಿನಲ್ಲಿ ಬೆಂಗಳೂರಿಗೆ ಬಂದು ಇಳಿಯುವವರಿಗೆ ನಾನು ಕೆಲವೊಮ್ಮೆ ನಮ್ಮ ಹೋಟೆಲ್ ಬಿಟ್ಟು ಕೆಂಗೇರಿಯನ್ನೇ ಹೇಳುತ್ತೇನೆ. ನೇರಳೆ ಮಾರ್ಗದ ಮೆಟ್ರೋ 2021ರಲ್ಲಿ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟಕ್ಕೆ. ಮೆಜೆಸ್ಟಿಕ್‌ನಿಂದ ಟ್ರಾಫಿಕ್ ಇಲ್ಲದೆ ಬರಬಹುದು, ಚಲ್ಲಘಟ್ಟದಿಂದ ಪಾರ್ಕ್ ಸುಮಾರು ಹನ್ನೆರಡು ಕಿಲೋಮೀಟರ್. ಮರುದಿನ ಬೆಂಗಳೂರಿನಲ್ಲಿ ಲಾಲ್‌ಬಾಗ್, ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡುವವರಿಗೆ ಅದೇ ವಾಸಿ. ಮರುದಿನ ಮೈಸೂರಿಗೆ ಹೋಗುವವರಿಗೆ ಬಿಡದಿ ಅಥವಾ ರಾಮನಗರ ವಾಸಿ. ಬಜೆಟ್ ಸ್ವಲ್ಪ ಜಾಸ್ತಿ ಇದ್ದು ಓಡಾಟವೇ ಬೇಡ ಅನ್ನುವವರಿಗೆ ಪಾರ್ಕ್‌ನದೇ ರೆಸಾರ್ಟ್ ಇದೆ.

ಮಕ್ಕಳ ಲೆಕ್ಕದಲ್ಲಿ ಒಂದು ಗೊಂದಲ ಪ್ರತಿ ವಾರ ನೋಡುತ್ತೇನೆ. ಪಾರ್ಕ್‌ನಲ್ಲಿ ಮಗುವಿನ ಟಿಕೆಟ್ ಎತ್ತರದ ಮೇಲೆ, ಹೋಟೆಲ್‌ನಲ್ಲಿ ವಯಸ್ಸಿನ ಮೇಲೆ. ಅಲ್ಲಿ 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 140ರವರೆಗೆ ಮಕ್ಕಳ ಟಿಕೆಟ್. ಹನ್ನೊಂದು ವರ್ಷದ ಕುಳ್ಳಗಿನ ಹುಡುಗನಿಗೆ ಅಲ್ಲಿ ಮಕ್ಕಳ ಟಿಕೆಟ್ ಆಗಿರುತ್ತದೆ, ನಮ್ಮಲ್ಲಿ ಎಕ್ಸ್‌ಟ್ರಾ ಬೆಡ್ ಚಾರ್ಜ್ ಹಾಕುತ್ತೇವೆ, ಅಪ್ಪನಿಗೆ ಸಿಟ್ಟು ಬರುತ್ತದೆ. ಬುಕ್ ಮಾಡುವಾಗಲೇ ಮಕ್ಕಳ ನಿಜವಾದ ವಯಸ್ಸು ಹೇಳಿ, ಒಟ್ಟು ಎಷ್ಟಾಗುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಎಕ್ಸ್‌ಟ್ರಾ ಬೆಡ್ ಅಂದರೆ ಬಹಳ ಕಡೆ ನೆಲಕ್ಕೆ ಹಾಕುವ ಹಾಸಿಗೆ, ಮಂಚ ಅಲ್ಲ. ಅದನ್ನು ಹಾಕಿದ ಮೇಲೆ ಬಾತ್‌ರೂಮ್ ಬಾಗಿಲು ತೆಗೆಯಲು ಜಾಗ ಇರುತ್ತಾ ಅಂತಲೂ ಕೇಳಬಹುದು, ತಪ್ಪೇನಿಲ್ಲ. ನಾಲ್ಕೈದು ಜನರಿದ್ದರೆ ಹಳೇ ಲಾಡ್ಜ್‌ಗಳ ನಾಲ್ಕು ಮಂಚದ ರೂಮು, ಎರಡು ಡಬಲ್ ರೂಮಿಗಿಂತ ಎಷ್ಟೋ ಒಳ್ಳೆಯದು. ಮಕ್ಕಳು ಕಣ್ಣೆದುರಿಗೇ ಇರುತ್ತಾರೆ, ಬಾಡಿಗೆಯೂ ಕಡಿಮೆ.

ಅಜ್ಜಿ ತಾತ ಜೊತೆಗೆ ಬರುವ ಕುಟುಂಬಗಳ ಬಗ್ಗೆ ನಾನು ಬೇರೆಯಾಗಿಯೇ ಹೇಳಬೇಕು. ಮಂಡಿ ನೋವು, ಬಿಸಿಲು, ಟಿಕೆಟ್ ದಂಡ ಅಂತ ಅವರು ಪಾರ್ಕ್‌ಗೆ ಬರಲು ಒಪ್ಪುವುದಿಲ್ಲ. "ನಾನು ರೂಮಿನಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ" ಅನ್ನುತ್ತಾರೆ. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಗೊತ್ತಿಲ್ಲದ ಊರಿನ ಒಂದು ರೂಮಿನಲ್ಲಿ ಒಬ್ಬರೇ. ಊಟಕ್ಕೆ ಫೋನ್ ಮಾಡುವುದು ಗೊತ್ತಾಗುವುದಿಲ್ಲ, ಇಂಟರ್‌ಕಾಮ್ ಒತ್ತಲು ಸಂಕೋಚ, ಟಿವಿ ರಿಮೋಟ್ ಎರಡೆರಡು. ಬಾಗಿಲು ಹಾಕಿಕೊಂಡು ಕೂತೇ ಇರುತ್ತಾರೆ. ಇಂಥವರಿದ್ದರೆ ಹೊರಡುವ ಮುಂಚೆ ಕೌಂಟರ್‌ಗೆ ಬಂದು ಒಂದು ಮಾತು ಹೇಳಿ: ಅಮ್ಮ ಒಬ್ಬರೇ ಇದ್ದಾರೆ, ಒಂದು ಗಂಟೆಗೆ ಅನ್ನ ಸಾರು, ನಾಲ್ಕಕ್ಕೆ ಕಾಫಿ, ಸಕ್ಕರೆ ಹಾಕಬೇಡಿ ಅಂತ. ಬಿಲ್‌ಗೆ ಸೇರಿಸಿ ಅಂತಲೂ ಹೇಳಿ, ಇಲ್ಲದಿದ್ದರೆ ಅವರು ದುಡ್ಡಿನ ಯೋಚನೆಗೆ ಊಟವನ್ನೇ ಬಿಡುತ್ತಾರೆ. ನಮ್ಮಲ್ಲಿ ಈ ಥರ ಹೇಳಿದವರ ರೂಮಿಗೆ ಹೌಸ್‌ಕೀಪಿಂಗ್ ಅಕ್ಕ ಹೋಗಿ ಎರಡು ಸಲ ಬಾಗಿಲು ತಟ್ಟಿ ಮಾತಾಡಿಸಿ ಬರುತ್ತಾರೆ. ಅಂಥ ಕುಟುಂಬಕ್ಕೆ ನೆಲಮಹಡಿ ಅಥವಾ ಲಿಫ್ಟ್ ಇರುವ ಕಡೆ, ವೆಸ್ಟರ್ನ್ ಕಮೋಡ್, ಕಾರಿಡಾರ್‌ನಲ್ಲಿ ಕೂರಲು ಒಂದು ಕುರ್ಚಿ ಇದ್ದರೆ ಪಾರ್ಕ್ ಎರಡು ಕಿಲೋಮೀಟರ್ ದೂರ ಹೆಚ್ಚಾದರೂ ಪರವಾಗಿಲ್ಲ. ಅವರಿಗೆ ರೂಮು ಬೆಳಗ್ಗೆಯೇ ಬೇಕಾಗುತ್ತದೆ, ಚೆಕ್ ಇನ್ ಸಮಯ ಹೆಚ್ಚು ಮುಖ್ಯವಾಗುವುದು ಇಲ್ಲೇ.

ಸದ್ದಿನ ಬಗ್ಗೆ. ಈ ರಸ್ತೆಯ ಎಷ್ಟೋ ಲಾಡ್ಜ್‌ಗಳ ಕೆಳಗೆ ಬಾರ್ ಇದೆ, ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆ. ಬಾರ್ ಇದ್ದರೆ ರೂಮಿಗೆ ಹೋಗುವ ಮೆಟ್ಟಿಲು ಬೇರೆ ಇದೆಯಾ ಅಂತ ಕೇಳಿ. ಮದುವೆ ಸೀಸನ್ ಆಗಿದ್ದರೆ ರೋಡಿಗೆ ಮುಖ ಮಾಡದ, ಛತ್ರದ ಕಡೆ ಇಲ್ಲದ ರೂಮು ಕೊಡಿ ಅನ್ನಿ. ಕೇಳಿದವರಿಗೆ ಕೊಡುತ್ತೇವೆ, ಕೇಳದವರಿಗೆ ಖಾಲಿ ಇದ್ದದ್ದು.

ತಿಂಡಿ ಸೇರಿಸಿದ ರೇಟ್ ಬೇಡ. ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ, ಹೋಟೆಲ್‌ನ ಬ್ರೆಡ್ ಜಾಮ್‌ಗೆ ತಲೆಗಿಷ್ಟು ಅಂತ ದುಡ್ಡು ಕೊಡುವುದು ಯಾಕೆ? ಹೊರಗೆ ಬೆಳಗ್ಗೆ ಬೇಗನೇ ಬಿಸಿ ಬಿಸಿ ಸಿಗುತ್ತದೆ, ಬೆಣ್ಣೆ ಹಾಕಿದ್ದು ಒಂದು ತಿಂದರೆ ಮಕ್ಕಳಿಗೆ ಹೊಟ್ಟೆ ತುಂಬುತ್ತದೆ. ರಾತ್ರಿ ಊಟ ಮಾತ್ರ ಹೋಟೆಲ್‌ನಲ್ಲೇ ಇರಲಿ, ಯಾಕೆಂದರೆ ಆ ಸುಸ್ತಿನಲ್ಲಿ ಮತ್ತೆ ಚಪ್ಪಲಿ ಹಾಕಿ ಹೊರಗೆ ಹೋಗಲು ಯಾರಿಗೂ ಮನಸ್ಸಿರುವುದಿಲ್ಲ. ಅಡುಗೆಮನೆ ಎಷ್ಟು ಗಂಟೆವರೆಗೆ, ಮೊಸರನ್ನ ಮತ್ತು ಬಿಸಿ ಹಾಲು ಸಿಗುತ್ತಾ, ಇಷ್ಟು ಕೇಳಿ. ಅರ್ಧ ಮಕ್ಕಳು ತಟ್ಟೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ, ಅದಕ್ಕೇ ಪಾರ್ಕ್‌ನಿಂದ ಹೊರಡುವಾಗ ಗೀಸರ್ ಜೊತೆಗೆ ಊಟಕ್ಕೂ ಹೇಳಿಬಿಡುವುದು ಒಳ್ಳೆಯದು.

ಇವನ್ನೆಲ್ಲ ಕೇಳಲು ಯಾವಾಗ ಫೋನ್ ಮಾಡಬೇಕು ಗೊತ್ತಾ? ಸಂಜೆ ಏಳೂವರೆಗೆ. ಬೆಳಗ್ಗೆ ಹನ್ನೊಂದಕ್ಕೆ ಮಾಡಿದರೆ ಎಲ್ಲ ಹೋಟೆಲ್‌ನವರೂ "ಬನ್ನಿ ಸರ್, ಎಲ್ಲ ಇದೆ" ಅನ್ನುತ್ತಾರೆ. ಸಂಜೆ ಕೌಂಟರ್‌ನಲ್ಲಿ ಇರುವವನಿಗೆ ಆ ಹೊತ್ತಿನ ನಿಜ ಗೊತ್ತು. ಫೋನ್ ಎತ್ತುತ್ತಾರಾ, ಎತ್ತಿದರೆ ಸಮಾಧಾನವಾಗಿ ಮಾತಾಡುತ್ತಾರಾ, ಹಿಂದೆ ಯಾರಾದರೂ ನೀರಿಗಾಗಿ ಕೂಗಾಡುತ್ತಿದ್ದಾರಾ, ಎಲ್ಲ ನಿಮಗೇ ಕೇಳಿಸುತ್ತದೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹೇಳಿದ ರೇಟ್ ಟ್ಯಾಕ್ಸ್ ಸೇರಿಯಾ ಅಂತ ಕೇಳಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಬಿಲ್‌ನಲ್ಲಿ ಅದನ್ನು ನೋಡಿಕೊಳ್ಳಿ. ಮಂಗಳವಾರ ಬುಧವಾರ ಬಂದರೆ ರೂಮೂ ಅಗ್ಗ, ಪಾರ್ಕ್ ಟಿಕೆಟ್ಟೂ ಅಗ್ಗ, ಕ್ಯೂ ಕೂಡ ಸಣ್ಣದು. ಮನೆಯ ಎಲ್ಲ ದೊಡ್ಡವರ ಗುರುತಿನ ಚೀಟಿ ತನ್ನಿ, ಒಬ್ಬರದು ಸಾಲದು. ರಿಜಿಸ್ಟರ್‌ನಲ್ಲಿ ಎಲ್ಲರದೂ ಬರೆಯಲೇಬೇಕು, ಮಕ್ಕಳನ್ನು ನಿಲ್ಲಿಸಿಕೊಂಡು ಫೋನಿನಲ್ಲಿ ಆಧಾರ್ ಫೋಟೋ ಹುಡುಕುವಾಗ ಹದಿನೈದು ನಿಮಿಷ ಹೋಗುತ್ತದೆ. ಮಾಮೂಲಿ ಶನಿವಾರಕ್ಕಾದರೆ ನಾಲ್ಕು ದಿನ ಮುಂಚೆ ಹೇಳಿದರೂ ನಡೆಯುತ್ತದೆ, ದಸರಾ ಮತ್ತು ಕ್ರಿಸ್ಮಸ್ ರಜೆಗೆ ಮಾತ್ರ ಮೂರು ವಾರ ಮುಂಚೆಯೇ ಅಡ್ವಾನ್ಸ್ ಹಾಕಿ, ಬರಲು ಆಗದಿದ್ದರೆ ಎಷ್ಟು ವಾಪಸ್ ಕೊಡುತ್ತಾರೆ ಅನ್ನುವುದನ್ನು ಅದೇ ವಾಟ್ಸ್‌ಆ್ಯಪ್ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.