ಒಂದು ಗಿಡ ಉಳಿದಿದೆ, ಅಷ್ಟೇ

ಎರಡು ದಿನದಿಂದ ತಲೇಲಿ ಒಂದೇ ಗಿಡ ಕೂತ್ಬಿಟ್ಟಿದೆ, ಕೆಫೆ ಮರೋನ್ ಅಂತ. ಹಿಂದೂ ಮಹಾಸಾಗರದ ರೊಡ್ರಿಗಸ್ ಅನ್ನೋ ಪುಟ್ಟ ದ್ವೀಪದ್ದು, ಕಾಫಿ ಕುಟುಂಬಕ್ಕೇ ಸೇರಿದ್ದು, ನಕ್ಷತ್ರದ ಥರ ಬಿಳಿ ಹೂವು. ಈ ಜಾತಿ ಮುಗೀತು ಅಂತ ಎಲ್ರೂ ಆಸೆ ಬಿಟ್ಟಿದ್ರು, 1980ರ ಸುಮಾರಿಗೆ ಒಬ್ಬ ಸ್ಕೂಲ್ ಹುಡುಗ ಅದರ ಟೊಂಗೆ ತಂದು ಮೇಷ್ಟ್ರಿಗೆ ತೋರಿಸಿದ. ಇಡೀ ಜಾತಿಗೆ ಅದೊಂದೇ ಗಿಡ. ಸುದ್ದಿ ಹರಡಿದ್ದೇ ತಡ, ಔಷಧಿಗೆ ಆಗತ್ತೆ ಅಂತ ಜನ ಬಂದು ಕಡ್ಕೊಂಡು ಹೋಗೋಕೆ ಶುರು ಮಾಡಿದ್ರು, ಬೇಲಿ ಹಾಕಿದ್ರು, ಬೇಲೀನೂ ಹಾರಿದ್ರು, ಇನ್ನೊಂದು ಬೇಲಿ ಹಾಕಿದ್ರು!

1986ರಲ್ಲಿ ಅದರ ಕಡ್ಡಿಗಳನ್ನ ಲಂಡನ್ನಿನ ಕ್ಯೂ ಗಾರ್ಡನ್‌ಗೆ ತಗೊಂಡು ಹೋಗಿ ಬೇರು ಬರಿಸಿದ್ರು. ಹೂವು ಬಿಟ್ಟಿದ್ದೇ ಬಿಟ್ಟಿದ್ದು, ಕಾಯಿ ಮಾತ್ರ ಕಚ್ಚಲೇ ಇಲ್ಲ. ಅಲ್ಲಿ ಕಾರ್ಲೋಸ್ ಮ್ಯಾಗ್ಡಲೀನಾ ಅನ್ನೋರು ಹಟಕ್ಕೆ ಬಿದ್ದು, ಹೂವಿನ ಶಲಾಕೆ, ಅಂದ್ರೆ ಪರಾಗ ಹಿಡಿಯೋ ಹೆಣ್ಣು ಭಾಗದ ದಂಟು, ಅದರ ತುದಿ ಕತ್ತರಿಸಿ ಆ ಗಾಯಕ್ಕೇ ಪರಾಗ ಸವರಿ, ಸೋತು, ಮತ್ತೆ ಸವರಿ, 2003ರಲ್ಲಿ ಅಂತೂ ಬೀಜ ಸಿಕ್ತು. ಮಜಾ ಏನಂದ್ರೆ ಸಸಿ ಎಲೆ ದೊಡ್ಡ ಗಿಡದ್ದರ ಹಾಗೆ ಇರಲ್ಲ, ಉದ್ದಕ್ಕೆ, ಸಪೂರಕ್ಕೆ, ಕಂದು ಬಣ್ಣಕ್ಕೆ, ಒಣಗಿದ ಕಡ್ಡಿ ಥರ. ಆಮೇಲೆ ಅಗಲವಾಗಿ ಹಸಿರಾಗತ್ತೆ.

ಇಷ್ಟೆಲ್ಲಾ ಪಾಡು ಕೇಳಿದ ಮೇಲೂ 'ಬೀಜ ಫ್ರೀಜರಲ್ಲಿದೆಯಲ್ಲ ಬಿಡಿ' ಅಂತಾರಲ್ಲ, ಅದಕ್ಕೆ ನನಗೆ ಸಿಟ್ಟು ಬರೋದು. ಬೀಜ ಒಣಗಿಸಿ ಫ್ರೀಜರಲ್ಲಿ ಇಡೋ ಬೀಜ ಬ್ಯಾಂಕ್ ಬೇಡ ಅಂತಲ್ಲ, ಬೇಕೇ ಬೇಕು, ಮೈನಸ್ 18 ಡಿಗ್ರಿಯಲ್ಲಿ ಎಷ್ಟೋ ಜಾತಿ ದಶಕಗಟ್ಟಲೆ ಬದುಕತ್ತೆ. ಆದ್ರೆ ಓಕ್, ಮಾವು ಇಂಥವುಗಳ ಬೀಜ ಒಣಗಿಸಿದ್ರೇ ಸಾಯತ್ತೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇಲ್ಲ, ಕಾಡಲ್ಲಿ ಸರಿಯಾದ ಶಿಲೀಂಧ್ರ ಜೊತೆಗಿಲ್ಲದಿದ್ರೆ ಮೊಳಕೆ ಮುಂದಕ್ಕೆ ಹೋಗಲ್ಲ. ಗಿಡ ಉಳಿಸೋದು ಅಂದ್ರೆ ಅದರ ನೆಂಟರನ್ನೂ ಉಳಿಸಬೇಕಲ್ವಾ, ದುಂಬಿ, ಮಣ್ಣು, ಎಲ್ಲಾ.

ಇನ್ನು ವುಡ್ಸ್ ಸೈಕಾಡ್ (ತಾಳೆ ಥರ ಕಾಣೋ ಗಿಡ, ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ) ಕಥೆ ಕೇಳಿದ್ರೆ ಹೊಟ್ಟೆ ಚುರ್ ಅನ್ನತ್ತೆ. 1895ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಾಡಲ್ಲಿ ಸಿಕ್ಕಿದ್ದು ಒಂದೇ ಒಂದು ಗಂಡು ಗಿಡ. ಬುಡದಲ್ಲಿ ಬಂದ ಮರಿಗಳನ್ನ ಕಿತ್ತು ನೆಟ್ಟೂ ನೆಟ್ಟೂ ಪ್ರಪಂಚದ ಬೇರೆಬೇರೆ ಗಾರ್ಡನ್‌ಗಳಿಗೆ ಹಂಚಿದಾರೆ, ಎಲ್ಲಾ ಅದೇ ಗಂಡಿನ ತುಂಡುಗಳು, ನೋಡೋಕೆ ಗಟ್ಟಿಮುಟ್ಟಾಗೇ ಇದಾವೆ. ಹೆಣ್ಣು ಮಾತ್ರ ಇಲ್ಲಿವರೆಗೂ ಸಿಕ್ಕಿಲ್ಲ. ಈಗ ಡ್ರೋನ್ ಹಾರಿಸಿ ಕಾಡಿನ ಫೋಟೋ ತೆಗೆದು ಅದರಲ್ಲಿ ಎಐ ಬಿಟ್ಟು ಹುಡುಕ್ತಿದಾರಂತೆ, ಎಲ್ಲಾದ್ರೂ ಒಂದು ಹೆಣ್ಣು ಅಡಗಿ ಕೂತಿದೆಯಾ ಅಂತ.