ಅಪ್ಪನಿಗೆ ಸಿಗದ ಓಟು

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗ ಈ ವಾರ ಆಲ್ದೂರಿಗೆ ಬಂದಿದ್ದ. ವಯಸ್ಸು 22. ಇನ್ನೂ ಒಮ್ಮೆಯೂ ಓಟು ಹಾಕಿಲ್ಲ. ಪಟ್ಟಿಯಲ್ಲಿ ಹೆಸರೇ ಇಲ್ಲ. "ನನ್ನೊಬ್ಬನ ಓಟಿಂದ ಏನಾಗುತ್ತೆ ಅಣ್ಣ?" ಅಂದ.

ಕಣದಲ್ಲಿ ಕಾಫಿ ಹರವುತ್ತಿದ್ದ ಅಪ್ಪ ಕೈ ನಿಲ್ಲಿಸಿದರು. 1978ರ ಚಿಕ್ಕಮಗಳೂರು ಉಪಚುನಾವಣೆಯ ನೆನಪು ತೆಗೆದರು. ಇಂದಿರಾ ಗಾಂಧಿ ನಿಂತಿದ್ದರು. ಇಡೀ ದೇಶ ನಮ್ಮ ಕಡೆ ನೋಡುತ್ತಿತ್ತು. ಅಪ್ಪನಿಗೆ ಆಗ 19. ಓಟು ಹಾಕಲು 21 ತುಂಬಿರಬೇಕಿತ್ತು. "ಭಾಷಣ ಕೇಳೋಕೆ ನಡ್ಕೊಂಡೇ ಹೋಗಿದ್ದೆ ಕಣೋ. ಓಟಿನ ದಿನ ಅಮ್ಮನ ಬೆರಳಿಗೆ ಶಾಯಿ ಬಿತ್ತು, ನಾನು ಬೂತಿನ ಹೊರಗೇ ನಿಂತಿದ್ದೆ" ಅಂದರು. ಇಷ್ಟು ವರ್ಷ ಆದಮೇಲೂ ಆ ಬೇಸರ ಅವರ ದನಿಯಲ್ಲಿತ್ತು. ವಯಸ್ಸು 18ಕ್ಕೆ ಇಳಿದದ್ದು 1989ರಲ್ಲಿ.

ನಮಗೆ ಇದು ಕೇಳದೆಯೇ ಸಿಕ್ಕಿದೆ, ಅಲ್ವಾ?

ಹಾಗಂತ ತಪ್ಪೆಲ್ಲ ಹುಡುಗರದ್ದೇ ಅಂತ ನಾನು ಹೇಳುವುದಿಲ್ಲ. ಹೆಸರು ಊರಲ್ಲಿ, ಕೆಲಸ ಬೆಂಗಳೂರಲ್ಲಿ. ಒಂದು ದಿನದ ರಜೆಯಲ್ಲಿ ಘಟ್ಟದ ಊರಿಗೆ ಬಂದು ಹೋಗುವುದು ಕಷ್ಟವೇ. ಆದರೆ ಮನೆ ಬದಲಾಯಿಸಿದವರು ಫಾರಂ 8 ಕೊಟ್ಟು ಹೆಸರನ್ನು ಅಲ್ಲಿಗೇ ವರ್ಗಾಯಿಸಿಕೊಳ್ಳಬಹುದು. ಹೊಸಬರಿಗೆ ಫಾರಂ 6. ಎರಡೂ ಮೊಬೈಲಲ್ಲೇ ಆಗುತ್ತವೆ. ಈಗ ಜನವರಿ 1 ಮಾತ್ರವಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ 18 ತುಂಬಿದವರನ್ನೂ ಪಟ್ಟಿಗೆ ಸೇರಿಸುತ್ತಾರೆ. 17 ದಾಟಿದವರು ಮುಂಚೆಯೇ ಅರ್ಜಿ ಹಾಕಿಡಬಹುದು. ನಿಮ್ಮ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ದಯವಿಟ್ಟು ಹೇಳಿ.

ರಾತ್ರಿ ಊಟ ಆದಮೇಲೆ ಇಬ್ಬರೂ ಕೂತು ಅವನ ಅರ್ಜಿ ತುಂಬಿದೆವು. ಬಿಳಿ ಗೋಡೆ ಮುಂದೆ ನಿಲ್ಲಿಸಿ ಅವನ ಫೋಟೋ ತೆಗೆದದ್ದು ಅಪ್ಪ.