ಡ್ಯಾನ್ಸ್ ಶಾಲೆಗೆ ಪಟ್ಟಿ ಎತ್ತುವಾಗ ಏನು ಕೇಳಬೇಕು

ಬಾಗಲಕೋಟೆಯ ಒಂದು ಡ್ಯಾನ್ಸ್ ಶಾಲೆಯಲ್ಲಿ ನಾನು ಲೆಕ್ಕಪತ್ರ ನೋಡುತ್ತೇನೆ. ಕುಣಿಯೋದು ನನಗೆ ಬರುವುದಿಲ್ಲ, ದುಡ್ಡು ಹೊಂದಿಸೋದು ನನ್ನ ಕೆಲಸ. ಭರತನಾಟ್ಯ ಕಲಿಯುವ ಮಕ್ಕಳಿದ್ದಾರೆ, ಜಾನಪದ ಕಲಿಯುವವರೂ ಇದ್ದಾರೆ. ನೇಕಾರರ ಮನೆಯಿಂದ, ಆಟೋ ಓಡಿಸುವವರ ಮನೆಯಿಂದ ಬರುವ ಮಕ್ಕಳಿಗೆ ಪೂರ್ತಿ ಫೀ ಕಟ್ಟಿ ಅನ್ನೋಕೆ ಬಾಯಿ ಬರುವುದಿಲ್ಲ. ಹಾಗಾಗಿ ಪ್ರತಿ ವರ್ಷ ಪಟ್ಟಿ, ಅಂದರೆ ಚಂದಾ, ಎತ್ತಲೇಬೇಕು.

"ಶಾಲೆಗೆ ಸಹಾಯ ಮಾಡಿ" ಅಂದರೆ ನೂರೊಂದು ರೂಪಾಯಿ ಬರುತ್ತದೆ. "ಹೊಸ ಬ್ಯಾಚಿಗೆ ಗೆಜ್ಜೆ ಬೇಕು" ಅಂದರೆ ಗೆಜ್ಜೆಯೇ ಬರುತ್ತದೆ. ಹಳೇ ಊರಿನ ಬಟ್ಟೆ ಅಂಗಡಿಯ ಸಾವ್ಕಾರರೊಬ್ಬರು ನನಗೆ ಮುಖಕ್ಕೇ ಹೇಳಿದ್ದರು: "ಅಕ್ಕಾರ, ಬರೇ ಸಹಾಯ ಅಂದ್ರ ನಾ ಏನ್ ಕೊಡ್ಲಿ? ಏನ್ ಬೇಕು, ಎಷ್ಟ್ ಬೇಕು, ಅದನ್ನ ಹೇಳ್ರಿ." ಆಮೇಲೆ ನಾನು ಬೇಕಾದ ವಸ್ತು, ಅದರ ರೇಟು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡೇ ಅಂಗಡಿ ಹತ್ತುತ್ತೇನೆ.

ಇದು ಚೆನ್ನಾಗಿ ನಡೆದದ್ದು ನೆಲದ ವಿಷಯದಲ್ಲಿ. ಭರತನಾಟ್ಯದಲ್ಲಿ ಮೊದಲು ಕಲಿಸೋದೇ ತಟ್ಟಡವು. ಅರಮಂಡಿ, ಅಂದರೆ ಮೊಣಕಾಲು ಹೊರಗೆ ಬಗ್ಗಿಸಿ ಅರ್ಧ ಕೂತು, ನೆಲಕ್ಕೆ ಪಾದ ತಟ್ಟುತ್ತಲೇ ಇರಬೇಕು. ಸಿಮೆಂಟ್ ನೆಲದ ಮೇಲೆ ದಿನಾ ಹೀಗೆ ತಟ್ಟಿದರೆ ಹಿಮ್ಮಡಿ, ಮೊಣಕಾಲು ಏನಾಗಬೇಕು? ಕೆಳಗೆ ಕಟ್ಟಿಗೆಯ ಪಟ್ಟಿ ಕೊಟ್ಟು, ಸ್ವಲ್ಪ ಗಾಳಿ ಆಡುವಷ್ಟು ಜಾಗ ಬಿಟ್ಟು ಮೇಲೆ ಹಲಗೆ ಹಾಕಿದರೆ ನೆಲ ಏಟನ್ನು ತಾನೂ ತಡೆದುಕೊಳ್ಳುತ್ತದೆ. ಆದರೆ ಅದಕ್ಕೆ ಕಟ್ಟಿಗೆ ಅಡ್ಡೆಯವರು ಹೇಳಿದ ಮೊತ್ತ ಕೇಳಿ ಕಮಿಟಿಯವರು ಸುಮ್ಮನಾಗಿಬಿಟ್ಟರು. ಆ ಮೊತ್ತವನ್ನು ಚದರ ಅಡಿಗೆ ಇಷ್ಟು ಅಂತ ಒಡೆದೆವು. ನೆಲದ ನಕ್ಷೆ ಬರೆದು, ಚೌಕ ಹಾಕಿ ಗೋಡೆಗೆ ಅಂಟಿಸಿದೆವು. ಒಂದೊಂದು ಅಡಿಯ ದುಡ್ಡು ಕೊಟ್ಟವರ ಹೆಸರು ಆ ಚೌಕದೊಳಗೆ. ಅಜ್ಜಂದಿರು ಮೊಮ್ಮಗಳ ಹೆಸರಲ್ಲಿ ಎರಡು ಅಡಿ, ಮೂರು ಅಡಿ ತಗೊಂಡರು. ತನ್ನ ಚೌಕ ಎಲ್ಲಿದೆ ಅಂತ ನೋಡೋಕೆ ಬಂದವರು ಪಕ್ಕದ ಖಾಲಿ ಚೌಕವನ್ನೂ ನೋಡುತ್ತಾರೆ ಅಲ್ವಾ? ಅವರೇ ಇನ್ನೊಬ್ಬರನ್ನು ಕರೆತಂದರು. ನಾನು ಯಾರ ಮನೆಗೂ ಎರಡನೇ ಸಲ ಹೋಗಬೇಕಾಗಲಿಲ್ಲ.

ವೇಷಕ್ಕೂ ಇದೇ ದಾರಿ. ಜಾನಪದ ಕುಣಿತಕ್ಕೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ ಇದ್ದರೆ ಇನ್ನೇನೂ ಬೇಕಿಲ್ಲ. ಎರಡೂ ನಮ್ಮ ಜಿಲ್ಲೆಯದ್ದೇ. ಹಾಗಿದ್ದೂ ಪ್ರತಿ ಕಾರ್ಯಕ್ರಮಕ್ಕೆ ಬಾಡಿಗೆ ಡ್ರೆಸ್ ತರಿಸೋದು ಯಾಕೆ? ಉಡದೇ ಟ್ರಂಕಿನಲ್ಲಿಟ್ಟ ಇಳಕಲ್ ಸೀರೆ ಇದ್ದರೆ ಕೊಡಿ ಅಂತ ತಾಯಂದಿರನ್ನು, ಅಜ್ಜಿಯರನ್ನು ಕೇಳಿದೆವು. ಖಣವನ್ನು ವ್ಯಾಪಾರಿಗಳು ಕೊಟ್ಟರು. ನಗದು ಕೇಳಿದರೆ ಗಲ್ಲೆ ಮುಟ್ಟೋಕೆ ಹಿಂದೆಮುಂದೆ ನೋಡುವವರು ಬಟ್ಟೆ ಕೇಳಿದರೆ ಥಟ್ಟನೆ ತಾನಿನಿಂದ ಹರಿದು ಕೊಡುತ್ತಾರೆ. ಭರತನಾಟ್ಯದ ಡ್ರೆಸ್ ಮಾತ್ರ ಬೇರೆ ಲೆಕ್ಕ. ರೇಷ್ಮೆ ಬೇಕು, ಬೀಸಣಿಗೆ ಮಡಿಕೆ ಹೊಲಿಯಲು ಗೊತ್ತಿರುವ ಟೇಲರ್ ಬೇಕು. ಅದನ್ನು ಇನ್ನೂ ಬಾಡಿಗೆಗೇ ತರುತ್ತೇವೆ.

ಊರು ನೋಡಿ ಕೇಳಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಹೋದದ್ದರಿಂದ ನವನಗರ ಎದ್ದಿತು. ಈಗ ಎರಡು ಕಡೆ ಎರಡು ರೀತಿ. ಹಳೇ ಊರಿನಲ್ಲಿ ಅಂಗಡಿಗೆ ಹೋಗಿ ಕೂತು, ಚಹಾ ಕುಡಿದು, ಮನೆಮಂದಿಯ ಸುದ್ದಿ ಮಾತಾಡಿದ ಮೇಲೆ ಪಟ್ಟಿ ಪುಸ್ತಕ ತೆಗೆಯಬೇಕು. ಹೋಳಿ ಹಬ್ಬದ ಮುಂಚೆ ಮಾತ್ರ ಹೋಗಲೇಬಾರದು. ನಮ್ಮೂರಿನ ಹೋಳಿ ಗೊತ್ತಲ್ಲ, ಹಲಗಿ ಬಾರಿಸೋದು, ಬಂಡಿಯಲ್ಲಿ ಬಣ್ಣ ಒಯ್ದು ಎರಚೋದು ಅಂತ ಓಣಿ ಓಣಿಯವರೂ ಆಗಲೇ ಪಟ್ಟಿ ಎತ್ತಿರುತ್ತಾರೆ. ದೀಪಾವಳಿಯ ಲಕ್ಷ್ಮೀ ಪೂಜೆ ಮುಗಿದ ವಾರ ವ್ಯಾಪಾರಿಗಳ ಮನಸ್ಸು ಹಗುರ ಇರುತ್ತದೆ. ನವನಗರದವರು ಹೆಚ್ಚಾಗಿ ನೌಕರರು. ಅವರಿಗೆ ಒಂದೇ ಸಲ ಐದು ಸಾವಿರ ಕಷ್ಟ, ತಿಂಗಳಿಗೆ ಇನ್ನೂರು ಸುಲಭ. ಸಂಬಳದ ವಾರ ಫೋನಿನಿಂದ ತಾನಾಗೇ ಕಟ್ ಆಗುವ ಹಾಗೆ ಮಾಡಿಕೊಟ್ಟರೆ ಅವರು ನೆನಪಿಟ್ಟುಕೊಳ್ಳಬೇಕಾಗಿಲ್ಲ, ನಮಗೂ ಕೇಳುವ ಮುಜುಗರ ತಪ್ಪುತ್ತದೆ.

"ನಮ್ಮ ಕಡೆ ಜನ ಟಿಕೆಟ್ ತಗೊಳ್ಳೋದಿಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕಿ ವಾರಗಟ್ಟಲೆ ಉಳಿಯೋದು ಟಿಕೆಟ್ ದುಡ್ಡಿನ ಮೇಲೆಯೇ. ಪುಕ್ಕಟೆ ಪಾಸ್ ಹಂಚುವ ಚಟ ನಮ್ಮದು. ವಾರ್ಷಿಕೋತ್ಸವಕ್ಕೆ ಈಗ ಪಾಸ್ ಇಲ್ಲ, ಐವತ್ತು ರೂಪಾಯಿ ಟಿಕೆಟ್. ಕಮಿಟಿಯವರೂ ತಗೊಳ್ಳುತ್ತಾರೆ. ಸ್ವಲ್ಪ ಗೊಣಗಿದರು, ಇರಲಿ.

ಹಾಗೇ, ಯಾರದ್ದೋ ಸನ್ಮಾನ ಸಮಾರಂಭಕ್ಕೆ ಮಕ್ಕಳನ್ನು ಕರೆದು, ಊಟದ ಹೊತ್ತು ಮೀರುವ ತನಕ ಭಾಷಣ ಮುಗಿಸಿ, ಆಮೇಲೆ ಕುಣಿಸಿ, ಒಂದು ಶಾಲು ಹೊದಿಸಿ ಕಳಿಸುವವರಿಗೆ ಈಗ ರೇಟು ಹೇಳುತ್ತೇವೆ. ಗಾಡಿ, ಮೇಕಪ್, ನಾಷ್ಟಾ ಅವರದ್ದು. ಸಂಭಾವನೆ ಶಾಲೆಯ ಖಾತೆಗೆ. "ಮಕ್ಕಳಿಗೆ ವೇದಿಕೆ ಸಿಗ್ತದಲ್ರಿ" ಅನ್ನುತ್ತಾರೆ. ಧ್ವನಿವರ್ಧಕದವರಿಗೂ ಹೀಗೇ ಹೇಳುತ್ತಾರಾ?

80ಜಿ, ಅಂದರೆ ದಾನ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿ, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. ನೋಂದಣಿ ಮಾಡಿಸಿಡೋದು ಒಳ್ಳೆಯದು. ಆದರೆ 2,000 ರೂಪಾಯಿಗಿಂತ ಜಾಸ್ತಿ ನಗದಿನಲ್ಲಿ ಕೊಟ್ಟರೆ ದಾನಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ. ಅದನ್ನು ಮೊದಲೇ ಹೇಳಿಬಿಡಿ. ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಸಿಎಸ್‌ಆರ್ ದುಡ್ಡಿಗೆ ಸಾಂಪ್ರದಾಯಿಕ ಕಲೆ ಹೊಂದುತ್ತದೆ, ಕಾನೂನಿನ ಪಟ್ಟಿಯಲ್ಲೇ ಇದೆ. ಆದರೆ ಸಿಎಸ್‌ಆರ್-1 ಅನ್ನುವ ಸರ್ಕಾರಿ ನೋಂದಣಿ, ಮೂರು ವರ್ಷ ಕೆಲಸ ಮಾಡಿದ ದಾಖಲೆ ಇಲ್ಲದೆ ಸಣ್ಣ ಸಂಸ್ಥೆ ಅಲ್ಲಿಗೆ ಹೋಗಿ ಪ್ರಯೋಜನ ಇಲ್ಲ.

ಇಷ್ಟಾದರೂ ತಿಂಗಳ ಖರ್ಚಿಗೆ ದಾನಿಗಳು ಸಿಕ್ಕಿಲ್ಲ. ಕಟ್ಟಡದ ಬಾಡಿಗೆ, ಗುರುಗಳ ಸಂಬಳ, ಕರೆಂಟ್ ಬಿಲ್ಲು. ಗೆಜ್ಜೆಯ ಮೇಲೆ, ನೆಲದ ಮೇಲೆ ಹೆಸರು ಬರೆಯಬಹುದು, ಕರೆಂಟ್ ಬಿಲ್ಲಿನ ಮೇಲೆ ಯಾರು ಬರೆಸಿಕೊಳ್ಳುತ್ತಾರೆ? ಹಾಗಾಗಿ ಆ ಖರ್ಚೆಲ್ಲ ಫೀಯಿಂದಲೇ ಬರಬೇಕು ಅಂತ ಕಮಿಟಿಗೆ ಹೇಳಿದ್ದೇನೆ. ಜೂನ್‌ನಿಂದ ಕಟ್ಟಬಲ್ಲವರ ಫೀ ಏರುತ್ತದೆ. ಎಷ್ಟು ಏರಿಸಬೇಕು ಅನ್ನೋದರ ಮೇಲೆ ಇನ್ನೂ ಜಗಳ ನಡೆದಿದೆ.